ಸ್ಪರ್ಧೆಗೆ ಬಿಲ್ಲು: ಮೊದಲು ಮಗುವನ್ನು ಅಳೆಯಿರಿ, ಬಳಿಕ ಬಿಲ್ಲನ್ನು ಕೊಳ್ಳಿರಿ

ನಮ್ಮ ವರದಿಗಾರರಿಂದ

ಮಧುಗಿರಿ: ಪ್ಯಾರಿಸ್‌ನಲ್ಲಿ 2024ರಲ್ಲಿ ನಡೆದ ಪ್ಯಾರಾಲಿಂಪಿಕ್ಸ್ ಕ್ರೀಡಾಕೂಟದ ಬಿಲ್ಲುಗಾರಿಕೆಯಲ್ಲಿ ಹರಿಯಾಣದ ಹರ್ವಿಂದರ್ ಸಿಂಗ್ ಚಿನ್ನದ ಪದಕ ಗೆದ್ದರು. ಹುಟ್ಟಿನಿಂದಲೇ ತೋಳುಗಳಿಲ್ಲದ ಜಮ್ಮು-ಕಾಶ್ಮೀರದ ಶೀತಲ್ ದೇವಿ ಕಾಲಿನಲ್ಲಿ ಬಿಲ್ಲು ಹಿಡಿದು ಬಾಣ ಬಿಟ್ಟು, ರಾಕೇಶ್ ಕುಮಾರ್ ಅವರೊಡನೆ ಮಿಶ್ರ ತಂಡ ವಿಭಾಗದಲ್ಲಿ ಕಂಚು ಪಡೆದರು. ಆ ದೃಶ್ಯವನ್ನು ಟಿ.ವಿ.ಯಲ್ಲಿಯೋ ಮೊಬೈಲ್‌ನಲ್ಲಿಯೋ ಕಂಡ ಮಗು ಮನೆಯಲ್ಲಿ ‘ನನಗೂ ಒಂದು ಬಿಲ್ಲು ಕೊಡಿಸಿ’ ಎಂದು ಕೇಳುವುದು ಸಹಜ. ಯಾವ ಬಿಲ್ಲು ಎಂಬ ಪ್ರಶ್ನೆ ತಂದೆತಾಯಿಯರ ಮುಂದೆ ನಿಲ್ಲುವುದು ಆಗಲೇ.

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಿಗೆ ಬಿಲ್ಲು ಅಪರಿಚಿತವಾದುದಲ್ಲ. ಇದು ಪಾಳೆಯಗಾರರು ಆಳಿದ ನಾಡು. ಬೇಟೆಯನ್ನೇ ಹಿಂದಿನ ಕಸುಬಾಗಿ ಹೊಂದಿದ್ದ ಬೇಡ ಸಮುದಾಯದವರು ನೆಲೆಸಿರುವ ಸೀಮೆ. ನಾಡಿನ ವೀರಗಲ್ಲುಗಳಲ್ಲಿ ಬಿಲ್ಲು ಹಿಡಿದು ನಿಂತ ವೀರರ ಕೆತ್ತನೆಗಳನ್ನು ಇಂದಿಗೂ ಕಾಣಬಹುದು. ಆದರೆ ಇಂದಿನ ಸ್ಪರ್ಧೆಯ ಬಿಲ್ಲಿನ ಲೆಕ್ಕವೇ ಬೇರೆ. ಅಲ್ಲಿ ಬೇಕಾದುದು ಒಂದು ಬಲವಾದ ಹೊಡೆತವಲ್ಲ. ಎಪ್ಪತ್ತೆರಡು ಬಾಣಗಳನ್ನು ಒಂದೇ ರೀತಿಯಲ್ಲಿ ಬಿಡುವ ಸಾಮರ್ಥ್ಯ.

ಮಳೆಯನ್ನೇ ನಂಬಿ ಕಡಲೆಕಾಯಿ ಬೆಳೆಯುವ ಕುಟುಂಬವೊಂದು ಉಳಿಸಿದ ಹಣದಲ್ಲಿ ಮಗುವಿಗೆ ಬಿಲ್ಲು ಕೊಡಿಸುವಾಗ ತಪ್ಪಿಗೆ ಅವಕಾಶ ಕಡಿಮೆ. ‘ಮುಂದೆ ಬೆಳೆಯುತ್ತಾನೆ, ದೊಡ್ಡದನ್ನೇ ಕೊಳ್ಳೋಣ’ ಎಂದು ಚಪ್ಪಲಿ, ಸಮವಸ್ತ್ರ ಕೊಳ್ಳುವ ರೀತಿಯಲ್ಲಿಯೇ ಬಿಲ್ಲನ್ನೂ ಕೊಂಡರೆ ಹಣವೂ ಹೋಗುತ್ತದೆ, ಭುಜವೂ ನೋಯುತ್ತದೆ, ಆಟದ ಮೇಲಿನ ಆಸೆಯೂ ಹೋಗುತ್ತದೆ. ಈ ಹಿನ್ನೆಲೆಯಲ್ಲಿ ಬಿಲ್ಲಿನ ಆಯ್ಕೆಯ ಕುರಿತು ತಿಳಿದಿರಬೇಕಾದ ಮುಖ್ಯ ಅಂಶಗಳನ್ನು ಇಲ್ಲಿ ನೀಡಲಾಗಿದೆ.

ಮೂರು ವಿಭಾಗ, ಮೂರು ಬಗೆಯ ಬಿಲ್ಲು

ಭಾರತದಲ್ಲಿ ಸ್ಪರ್ಧಾತ್ಮಕ ಬಿಲ್ಲುಗಾರಿಕೆಯು ಮುಖ್ಯವಾಗಿ ಮೂರು ವಿಭಾಗಗಳಲ್ಲಿ ನಡೆಯುತ್ತದೆ. ಕೊಳ್ಳುವ ಬಿಲ್ಲು ಯಾವುದೆಂಬುದರ ಮೇಲೆಯೇ ಮಗು ಯಾವ ಸ್ಪರ್ಧೆಗೆ ಹೋಗಬಹುದೆಂಬುದು ನಿರ್ಧಾರವಾಗುತ್ತದೆ.

ಮೊದಲನೆಯದು ‘ಇಂಡಿಯನ್ ರೌಂಡ್’. ಇಲ್ಲಿ ಬಳಸುವುದು ಬಿದಿರು ಅಥವಾ ಮರದ ಸರಳ ಬಿಲ್ಲು. ಗುರಿ ನೋಡುವ ಸಾಧನವಾಗಲಿ, ಬಿಲ್ಲಿನ ಅಲುಗಾಟ ತಡೆಯುವ ಸಲಾಕೆಗಳಾಗಲಿ ಇರುವುದಿಲ್ಲ. ಗುರಿಯ ದೂರವೂ ಒಲಿಂಪಿಕ್ಸ್‌ಗಿಂತ ಕಡಿಮೆ. ಖರ್ಚು ಕಡಿಮೆಯಾದುದರಿಂದ ಹಳ್ಳಿಯ ಮಕ್ಕಳು ಆಟಕ್ಕೆ ಪ್ರವೇಶಿಸುವ ಬಾಗಿಲು ಇದೇ. ಆದರೆ ಈ ವಿಭಾಗವು ದೇಶದೊಳಗಿನ ಸ್ಪರ್ಧೆಗಳಿಗೆ ಸೀಮಿತವಾದುದು.

ಎರಡನೆಯದು ‘ರಿಕರ್ವ್’. ತುದಿಗಳು ಬಿಲ್ಲುಗಾರನಿಂದ ಆಚೆಗೆ ಬಾಗಿರುವ ಬಿಲ್ಲು ಇದು. 1972ರಲ್ಲಿ ಬಿಲ್ಲುಗಾರಿಕೆ ಒಲಿಂಪಿಕ್ಸ್‌ಗೆ ಮರಳಿದಂದಿನಿಂದ ಅಲ್ಲಿ ನಡೆದಿರುವುದೆಲ್ಲ ರಿಕರ್ವ್ ಸ್ಪರ್ಧೆಯೇ. ಹಿರಿಯರಿಗೆ ಗುರಿ 70 ಮೀಟರ್ ದೂರದಲ್ಲಿರುತ್ತದೆ. 18 ವರ್ಷದೊಳಗಿನವರಿಗೆ 60 ಮೀಟರ್. ಗುರಿಫಲಕದ ಅಡ್ಡಳತೆ 122 ಸೆಂಟಿಮೀಟರ್. ಅದರಲ್ಲಿ ಹತ್ತು ಅಂಕದ ನಡುವೃತ್ತ ಕೇವಲ 12.2 ಸೆಂಟಿಮೀಟರ್.

ಮೂರನೆಯದು ‘ಕಾಂಪೌಂಡ್’. ತುದಿಗಳಲ್ಲಿ ರಾಟೆಗಳಂತಹ ಚಕ್ರಗಳಿರುವ ಯಾಂತ್ರಿಕ ಬಿಲ್ಲು. ಗುರಿ 50 ಮೀಟರ್ ದೂರದಲ್ಲಿ. ಗುರಿಫಲಕ 80 ಸೆಂಟಿಮೀಟರ್. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತವು ಬಿಲ್ಲುಗಾರಿಕೆಯಲ್ಲಿ ಗೆದ್ದ ಐದು ಚಿನ್ನಗಳೂ ಕಾಂಪೌಂಡ್ ವಿಭಾಗದಲ್ಲಿಯೇ ಬಂದವು. ಪಾವಗಡಕ್ಕೆ ಗಡಿ ಹೊಂದಿಕೊಂಡಿರುವ ಆಂಧ್ರಪ್ರದೇಶದ ವಿಜಯವಾಡದ ಜ್ಯೋತಿ ಸುರೇಖಾ ವೆಣ್ಣಂ ಅಲ್ಲಿ ಮೂರು ಚಿನ್ನ ಗೆದ್ದರು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕಾಂಪೌಂಡ್ ಮಿಶ್ರ ತಂಡ ಸ್ಪರ್ಧೆಯನ್ನು ಸೇರಿಸಲು 2025ರಲ್ಲಿ ಒಪ್ಪಿಗೆ ದೊರೆತಿದೆ. ಆದುದರಿಂದ ಕಾಂಪೌಂಡ್ ಹಿಡಿದವರಿಗೆ ಒಲಿಂಪಿಕ್ಸ್ ಇಲ್ಲ ಎಂಬ ಹಿಂದಿನ ಮಾತು ಈಗ ಪೂರ್ತಿ ನಿಜವಲ್ಲ.

ಮೊದಲು ಕಣ್ಣು ನೋಡಿ

ಬಲಗೈ ಅಭ್ಯಾಸವುಳ್ಳವರಿಗೆಲ್ಲ ಬಲಗೈ ಬಿಲ್ಲೇ ಹೊಂದುತ್ತದೆ ಎಂಬ ಭಾವನೆ ಇದೆ. ಇದು ಯಾವಾಗಲೂ ಸರಿಯಲ್ಲ. ನಮ್ಮ ಎರಡು ಕಣ್ಣುಗಳಲ್ಲಿ ಒಂದು ಗುರಿ ಹಿಡಿಯುವಲ್ಲಿ ಮುಂದಾಗಿರುತ್ತದೆ. ಹೆದೆ ಎಳೆಯುವ ಕೈಯೂ ಈ ಕಣ್ಣೂ ಒಂದೇ ಬದಿಯಲ್ಲಿದ್ದರೆ ಗುರಿ ಸುಲಭವಾಗುತ್ತದೆ.

ಪರೀಕ್ಷೆ ಸರಳ. ಎರಡೂ ಕೈಗಳನ್ನು ಮುಂದೆ ಚಾಚಿ, ಅಂಗೈಗಳನ್ನು ಜೋಡಿಸಿ ನಡುವೆ ಸಣ್ಣ ಕಿಂಡಿ ಮಾಡಬೇಕು. ಎರಡೂ ಕಣ್ಣು ತೆರೆದು ಆ ಕಿಂಡಿಯ ಮೂಲಕ ಬೆಟ್ಟದ ತುದಿಯನ್ನೋ ದೂರದ ವಿದ್ಯುತ್ ಕಂಬವನ್ನೋ ನೋಡಬೇಕು. ಬಳಿಕ ಒಂದೊಂದೇ ಕಣ್ಣು ಮುಚ್ಚಬೇಕು. ಯಾವ ಕಣ್ಣು ಮಾತ್ರ ತೆರೆದಿದ್ದಾಗ ವಸ್ತುವು ಕಿಂಡಿಯಲ್ಲಿಯೇ ಉಳಿಯುವುದೋ ಅದೇ ಮುಂದಾಳು ಕಣ್ಣು. ಬಲಗಣ್ಣಾದರೆ ಬಲಗೈಯಿಂದ ಹೆದೆ ಎಳೆದು ಎಡಗೈಯಲ್ಲಿ ಬಿಲ್ಲು ಹಿಡಿಯಬೇಕು. ಇದಕ್ಕೆ ‘ಬಲಗೈ ಬಿಲ್ಲು’ ಎನ್ನುತ್ತಾರೆ. ಎಡಗಣ್ಣಾದರೆ ಇದಕ್ಕೆ ವಿರುದ್ಧ. ಬಿಲ್ಲಿನ ನಡುಭಾಗವನ್ನು ಒಂದೇ ಬದಿಗೆ ಹೊಂದುವಂತೆ ಕೊರೆದಿರುವುದರಿಂದ ಕೊಂಡ ಮೇಲೆ ಬದಲಿಸಲು ಬರುವುದಿಲ್ಲ.

ಎರಡನೆಯ ಅಳತೆ: ಸೆಳೆತದ ಉದ್ದ

ಹೆದೆಯನ್ನು ಗದ್ದದವರೆಗೆ ಪೂರ್ಣವಾಗಿ ಎಳೆದಾಗ ಬಿಲ್ಲಿಗೂ ಹೆದೆಗೂ ನಡುವೆ ಇರುವ ಅಂತರವೇ ಸೆಳೆತದ ಉದ್ದ. ಇದು ತೋಳಿನ ಅಳತೆಯನ್ನು ಅವಲಂಬಿಸಿದೆ. ಅಂದಾಜಿಗೆ ಒಂದು ಸೂತ್ರವಿದೆ: ಎರಡೂ ಕೈಗಳನ್ನು ಅಡ್ಡಲಾಗಿ ಚಾಚಿ, ಒಂದು ಮಧ್ಯಬೆರಳ ತುದಿಯಿಂದ ಇನ್ನೊಂದರ ತುದಿಯವರೆಗೆ ಅಳೆದು, ಬಂದುದನ್ನು ಎರಡೂವರೆಯಿಂದ ಭಾಗಿಸಬೇಕು.

ಉದಾಹರಣೆಗೆ, ಎಂಟನೆಯ ತರಗತಿಯ ಬಾಲಕಿಯೊಬ್ಬಳ ಚಾಚಿದ ಕೈಗಳ ಅಳತೆ 150 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಅವಳ ಸೆಳೆತದ ಉದ್ದ ಸುಮಾರು 60 ಸೆಂಟಿಮೀಟರ್, ಅಂದರೆ ಇಪ್ಪತ್ತಮೂರೂವರೆ ಇಂಚು. ಇಷ್ಟು ಸೆಳೆತಕ್ಕೆ 62ರಿಂದ 64 ಇಂಚು ಉದ್ದದ ರಿಕರ್ವ್ ಬಿಲ್ಲು ಹೊಂದುತ್ತದೆ. ಸೆಳೆತ 24ರಿಂದ 26 ಇಂಚು ಇದ್ದರೆ 64–66 ಇಂಚಿನ ಬಿಲ್ಲು, 26ರಿಂದ 28 ಇದ್ದರೆ 66–68, ಅದಕ್ಕೂ ಹೆಚ್ಚಾದರೆ 68–70 ಇಂಚಿನದು ಬೇಕಾಗುತ್ತದೆ. ಬಿಲ್ಲು ತೀರ ಗಿಡ್ಡದಾದರೆ ಪೂರ್ಣ ಸೆಳೆತದಲ್ಲಿ ಹೆದೆಯ ಕೋನ ಕಿರಿದಾಗಿ ಬೆರಳುಗಳನ್ನು ಹಿಂಡುತ್ತದೆ. ತೀರ ಉದ್ದವಾದರೆ ಬಿಲ್ಲಿನ ತೋಳುಗಳು ಸಾಕಷ್ಟು ಬಾಗದೆ ಬಾಣಕ್ಕೆ ವೇಗ ಬರುವುದಿಲ್ಲ.

ಪೌಂಡ್ ಲೆಕ್ಕ: ಹೆಚ್ಚಿನವರು ತಪ್ಪುವುದು ಇಲ್ಲಿಯೇ

ಹೆದೆ ಎಳೆದು ಹಿಡಿಯಲು ಬೇಕಾದ ಬಲವನ್ನು ಪೌಂಡ್‌ಗಳಲ್ಲಿ ಹೇಳುವುದು ರೂಢಿ. ಒಂದು ಪೌಂಡ್ ಎಂದರೆ ಸುಮಾರು 454 ಗ್ರಾಂ. ರಿಕರ್ವ್ ಬಿಲ್ಲಿನ ತೋಳಿನ ಮೇಲೆ ಬರೆದಿರುವ ಪೌಂಡ್ ಸಂಖ್ಯೆಯನ್ನು ಸಾಮಾನ್ಯವಾಗಿ 28 ಇಂಚು ಎಳೆದಾಗಿನ ಬಲವೆಂದು ತಿಳಿಯಬೇಕು. ಎಳೆಯುವುದು ಒಂದು ಇಂಚು ಕಡಿಮೆಯಾದರೆ ಸುಮಾರು ಎರಡು ಪೌಂಡ್ ಇಳಿಯುತ್ತದೆ. ಒಂದು ಇಂಚು ಹೆಚ್ಚಾದರೆ ಅಷ್ಟೇ ಏರುತ್ತದೆ.

ಮೇಲಿನ ಬಾಲಕಿಗೆ 24 ಪೌಂಡ್ ಎಂದು ಬರೆದಿರುವ ಬಿಲ್ಲು ಕೊಟ್ಟರೆ ಅವಳ ಬೆರಳುಗಳ ಮೇಲೆ ಬೀಳುವುದು ಸುಮಾರು 15–16 ಪೌಂಡ್ ಮಾತ್ರ. ಅಂಗಡಿಯಲ್ಲಿ ತಂದೆ ಅದನ್ನು ಎಳೆದು ನೋಡಿದರೆ 24 ಪೌಂಡ್ ಎನಿಸುತ್ತದೆ. ಆದುದರಿಂದ ದೊಡ್ಡವರು ಎಳೆದು ನೋಡಿ ಮಗುವಿಗೆ ಬಿಲ್ಲು ಆರಿಸುವುದು ಸರಿಯಾದ ಕ್ರಮವಲ್ಲ.

ಇದರಲ್ಲಿ ಇನ್ನೊಂದು ಗಮನಾರ್ಹ ಸಂಗತಿಯಿದೆ. ಮಗು ಬೆಳೆದಂತೆ ತೋಳು ಉದ್ದವಾಗುತ್ತದೆ, ಸೆಳೆತದ ಉದ್ದವೂ ಹೆಚ್ಚುತ್ತದೆ. ಇಂದು 16 ಪೌಂಡ್ ಎನಿಸುವ ಅದೇ ಬಿಲ್ಲು, ಸೆಳೆತ ಮೂರು ಇಂಚು ಹೆಚ್ಚಿದ ಕಾಲಕ್ಕೆ 22 ಪೌಂಡ್ ಆಗಿರುತ್ತದೆ. ಅಂದರೆ ಬಿಲ್ಲು ತಾನಾಗಿಯೇ ಮಗುವಿನೊಡನೆ ಬೆಳೆಯುತ್ತದೆ. ‘ಮುಂದಕ್ಕೆ ಇರಲಿ’ ಎಂದು ಈಗಲೇ ಭಾರದ ಬಿಲ್ಲು ಕೊಳ್ಳುವ ಅಗತ್ಯ ಇಲ್ಲದಿರುವುದಕ್ಕೆ ಇದೇ ಕಾರಣ.

ಆರಂಭಿಕರಿಗೆ ಬೆರಳಿನ ಮೇಲೆ ಬೀಳುವ ಭಾರ 12ರಿಂದ 14 ವಯಸ್ಸಿನವರಿಗೆ ಸುಮಾರು 14–18 ಪೌಂಡ್, ವಯಸ್ಕ ಮಹಿಳೆಯರಿಗೆ 18–22, ವಯಸ್ಕ ಪುರುಷರಿಗೆ 20–26 ಪೌಂಡ್ ಇದ್ದರೆ ಸಾಕು. ಅಂತರರಾಷ್ಟ್ರೀಯ ಮಟ್ಟದ ಪುರುಷರು 45–50 ಪೌಂಡ್‌ವರೆಗೂ ಎಳೆಯುವುದುಂಟು. ಆದರೆ ಅದು ವರ್ಷಗಟ್ಟಲೆ ಎರಡೆರಡೇ ಪೌಂಡ್ ಏರಿಸಿಕೊಂಡು ತಲುಪಿದ ಮಟ್ಟ.

ಒಂದು ಸುತ್ತಿನ ಲೆಕ್ಕ ಹಾಕಿ ನೋಡಿದರೆ ಇದರ ಮಹತ್ವ ತಿಳಿಯುತ್ತದೆ. ಅರ್ಹತಾ ಸುತ್ತಿನಲ್ಲಿ 72 ಬಾಣ. 18 ಪೌಂಡ್ ಬಿಲ್ಲಿನಲ್ಲಿ ಅಷ್ಟು ಬಾಣ ಬಿಟ್ಟ ಮಗು ಒಟ್ಟು ಸುಮಾರು ಆರು ಕ್ವಿಂಟಲ್ ಎಳೆದಂತಾಗುತ್ತದೆ. 36 ಪೌಂಡ್ ಆದರೆ ಹನ್ನೆರಡು ಕ್ವಿಂಟಲ್! ಮೊದಲ ಹತ್ತು ಬಾಣಗಳಲ್ಲಿ ಗೊತ್ತಾಗದ ಭಾರ ಐವತ್ತನೆಯ ಬಾಣದಲ್ಲಿ ಗೊತ್ತಾಗುತ್ತದೆ. ಆಗ ಮಗು ಭುಜ ಎತ್ತಿ, ಬೆನ್ನು ಹಿಂದಕ್ಕೆ ಬಾಗಿಸಿ ಎಳೆಯತೊಡಗುತ್ತದೆ. ಹೀಗೆ ಕಲಿತ ತಪ್ಪು ಭಂಗಿಯನ್ನು ತಿದ್ದಲು ಕಲಿಯಲು ತೆಗೆದುಕೊಂಡದ್ದಕ್ಕಿಂತ ಹೆಚ್ಚು ಕಾಲ ಬೇಕು.

ಕೊಳ್ಳುವ ಮುನ್ನ ಹೀಗೆ ಪರೀಕ್ಷಿಸಬಹುದು: ಮಗು ಪೂರ್ಣ ಸೆಳೆತಕ್ಕೆ ಎಳೆದು ಹತ್ತು ಎಣಿಸುವವರೆಗೆ ನಡುಗದೆ ಹಿಡಿದು, ನಿಧಾನವಾಗಿ ಹೆದೆಯನ್ನು ಮರಳಿ ಬಿಡಬೇಕು. ಇದನ್ನು ಮೂರು ಬಾರಿ ಮಾಡಲಾಗದಿದ್ದರೆ ಆ ಬಿಲ್ಲು ಅದಕ್ಕೆ ಭಾರವೆಂದೇ ಅರ್ಥ. ಬಾಣ ತೊಡಿಸದೆ ಹೆದೆಯನ್ನು ಎಳೆದು ಥಟ್ಟನೆ ಬಿಡಲೇಬಾರದು. ಬಾಣಕ್ಕೆ ಹೋಗಬೇಕಾದ ಬಲವೆಲ್ಲ ಬಿಲ್ಲಿಗೇ ಮರಳಿ ಅದು ಸೀಳಬಹುದು, ಗಾಯವೂ ಆಗಬಹುದು.

ಬಿಚ್ಚಿ ಜೋಡಿಸುವ ಬಿಲ್ಲೇ ಲೇಸು

ಸ್ಪರ್ಧೆಯ ರಿಕರ್ವ್ ಬಿಲ್ಲು ಒಂದೇ ತುಂಡಿನದಲ್ಲ. ಕೈಯಲ್ಲಿ ಹಿಡಿಯುವ ನಡುಭಾಗಕ್ಕೆ ‘ರೈಸರ್’ ಎಂದೂ, ಮೇಲೆ ಕೆಳಗೆ ಸೇರಿಸುವ ತೋಳುಗಳಿಗೆ ‘ಲಿಂಬ್’ ಎಂದೂ ಹೆಸರು. ರೈಸರ್ ಸಾಮಾನ್ಯವಾಗಿ 23, 25 ಅಥವಾ 27 ಇಂಚು. ತೋಳುಗಳು ಗಿಡ್ಡ, ಮಧ್ಯಮ ಮತ್ತು ಉದ್ದ. 25 ಇಂಚಿನ ರೈಸರ್‌ಗೆ ಮಧ್ಯಮ ತೋಳು ಸೇರಿದರೆ 68 ಇಂಚಿನ ಬಿಲ್ಲು. 23 ಇಂಚಿನದಕ್ಕೆ ಗಿಡ್ಡ ತೋಳು ಸೇರಿದರೆ 64 ಇಂಚು.

ಇದರ ಪ್ರಯೋಜನ ದೊಡ್ಡದು. ಮಗುವಿನ ಬಲ ಹೆಚ್ಚಿದಾಗ ತೋಳುಗಳನ್ನಷ್ಟೇ ಬದಲಿಸಿದರೆ ಸಾಕು. ರೈಸರ್ ವರ್ಷಗಟ್ಟಲೆ ಉಳಿಯುತ್ತದೆ. ‘ಐ.ಎಲ್.ಎಫ್.’ ಎಂಬ ಸಾಮಾನ್ಯ ಜೋಡಣೆಯ ರೈಸರ್ ಕೊಂಡರೆ ಒಂದು ಕಂಪನಿಯ ರೈಸರ್‌ಗೆ ಮತ್ತೊಂದು ಕಂಪನಿಯ ತೋಳು ಕೂಡುತ್ತದೆ. ಆರಂಭಿಕರ ಮರದ ಬಿಲ್ಲುಗಳಲ್ಲಿ ಹಲವು ತಿರುಪಿನಿಂದ ಬಿಗಿಯುವಂಥವು. ಅವಕ್ಕೆ ಅದೇ ಮಾದರಿಯ ತೋಳುಗಳೇ ಬೇಕು. ಕೊಳ್ಳುವಾಗ ಇದನ್ನು ಕೇಳಿ ತಿಳಿಯುವುದು ಒಳ್ಳೆಯದು.

ಹಳೆಯ ಬಿಲ್ಲು ಕೊಳ್ಳುವವರು ಹೆದೆಯೇರಿಸಿ ಹಿಂದಿನಿಂದ ನೋಡಬೇಕು. ಹೆದೆಯು ಎರಡೂ ತೋಳುಗಳ ನಟ್ಟನಡುವೆ ಹಾದುಹೋಗದಿದ್ದರೆ ತೋಳು ತಿರುಚಿರುವ ಸಂಭವವಿದೆ. ತೋಳಿನ ಅಂಚಿನಲ್ಲಿ ಪದರ ಬಿಟ್ಟಿರುವ ಅಥವಾ ಸೀಳಿದ ಗುರುತಿದ್ದರೆ ಎಷ್ಟು ಅಗ್ಗವಾದರೂ ಬೇಡ.

ಕಾಂಪೌಂಡ್ ಕೊಳ್ಳುವ ಮುನ್ನ

ಕಾಂಪೌಂಡ್‌ನಲ್ಲಿ ಚಕ್ರಗಳ ನೆರವಿನಿಂದ ಪೂರ್ಣ ಸೆಳೆತದಲ್ಲಿ ಹಿಡಿಯಬೇಕಾದ ಭಾರವು ಶೇ 65ರಿಂದ 80ರಷ್ಟು ಇಳಿಯುತ್ತದೆ. 50 ಪೌಂಡ್ ಬಿಲ್ಲನ್ನು ಎಳೆದು ಹಿಡಿದಾಗ ಕೈಗೆ ಉಳಿಯುವುದು 10ರಿಂದ 18 ಪೌಂಡ್. ಸ್ಪರ್ಧೆಯ ನಿಯಮದಂತೆ ಗರಿಷ್ಠ 60 ಪೌಂಡ್. ಗುರಿ ನೋಡಲು ಮಸೂರ ಬಳಸಲೂ, ಬೆರಳಿನ ಬದಲು ಯಾಂತ್ರಿಕ ಕೊಕ್ಕೆಯಿಂದ ಹೆದೆ ಬಿಡಲೂ ಇಲ್ಲಿ ಅವಕಾಶವಿದೆ.

ಆದರೆ ಸೆಳೆತದ ಉದ್ದವನ್ನು ಚಕ್ರವೇ ನಿಗದಿಪಡಿಸುವುದರಿಂದ ಬೆಳೆಯುವ ಮಗುವಿಗೆ ಆಗಾಗ ಹೊಂದಿಸಬೇಕಾಗುತ್ತದೆ. ಹೆದೆ ಬದಲಿಸಲು ವಿಶೇಷ ಅದುಮು ಯಂತ್ರವೂ ಅದನ್ನು ಬಲ್ಲವರೂ ಬೇಕು. ಇವೆರಡೂ ಸಮೀಪದಲ್ಲಿ ಇಲ್ಲದಿದ್ದರೆ ಸಣ್ಣ ರಿಪೇರಿಗೂ ದೂರದ ಊರಿಗೆ ಬಿಲ್ಲು ಹೊತ್ತು ಹೋಗಬೇಕಾದೀತು. ತರಬೇತುದಾರರು ಖಚಿತವಾಗುವವರೆಗೆ ಕಾಂಪೌಂಡ್ ಕೊಳ್ಳದಿರುವುದು ಲೇಸು.

ಬಾಣಕ್ಕೂ ಲೆಕ್ಕವಿದೆ

ಬಿಲ್ಲಿಗೆ ಹಣವೆಲ್ಲ ಸುರಿದು ಬಾಣವನ್ನು ಕೈಗೆ ಸಿಕ್ಕಂತೆ ಕೊಳ್ಳುವುದು ಇನ್ನೊಂದು ತಪ್ಪು. ಬಿಟ್ಟ ಕೂಡಲೇ ಬಾಣವು ಹಾವಿನಂತೆ ಬಳುಕಿ ಬಳಿಕ ನೇರವಾಗುತ್ತದೆ. ಈ ಬಳುಕು ಬಿಲ್ಲಿನ ಬಲಕ್ಕೆ ಹೊಂದಬೇಕು. ಬಾಣದ ಗಡಸುತನವನ್ನು ‘ಸ್ಪೈನ್’ ಎಂಬ ಸಂಖ್ಯೆಯಲ್ಲಿ ಹೇಳುತ್ತಾರೆ: 28 ಇಂಚು ಅಂತರದ ಎರಡು ಆಸರೆಗಳ ಮೇಲಿಟ್ಟ ಬಾಣದ ನಡುವೆ 880 ಗ್ರಾಂ ತೂಕ ನೇತುಹಾಕಿದಾಗ ಅದು ಎಷ್ಟು ಬಾಗುವುದೆಂಬ ಅಳತೆ. ಸಂಖ್ಯೆ ಹೆಚ್ಚಿದಷ್ಟೂ ಬಾಣ ಮೆದು. ಹಗುರ ಬಿಲ್ಲಿಗೆ ಮೆದು ಬಾಣ, ಭಾರದ ಬಿಲ್ಲಿಗೆ ಗಡಸು ಬಾಣ. ತಯಾರಕರ ಪಟ್ಟಿಯಲ್ಲಿ ಸೆಳೆತದ ಉದ್ದ ಮತ್ತು ಪೌಂಡ್ ನೋಡಿ ಇದನ್ನು ಆರಿಸಬಹುದು.

ಬೆಳೆಯುವ ಮಕ್ಕಳಿಗೆ ಬಾಣವು ಸೆಳೆತಕ್ಕಿಂತ ಎರಡು ಇಂಚಾದರೂ ಉದ್ದವಿರಲಿ. ಗಿಡ್ಡವಾದ ಬಾಣವು ಎಳೆದಾಗ ಬಿಲ್ಲಿನ ಹಿಂದಕ್ಕೆ ಜಾರಿ ಕೈಗೆ ಚುಚ್ಚಬಹುದು. ಕಾರ್ಬನ್ ಬಾಣವನ್ನು ಪ್ರತಿ ಬಾರಿಯೂ ಮೆಲ್ಲನೆ ಬಗ್ಗಿಸಿ, ಬಿರುಕಿದೆಯೇ ಎಂದು ನೋಡಿಯೇ ಬಳಸಬೇಕು.

ಬಿದಿರಿನಿಂದ ಒಲಿಂಪಿಕ್ಸ್‌ವರೆಗೆ

ಆರಂಭಿಕರ ಮರದ ಬಿಲ್ಲು ಕೆಲವು ಸಾವಿರ ರೂಪಾಯಿಗಳಿಗೆ ದೊರೆಯುತ್ತದೆ. ಉನ್ನತ ಸ್ಪರ್ಧೆಯ ರಿಕರ್ವ್ ಅಥವಾ ಕಾಂಪೌಂಡ್ ಪೂರ್ಣ ಸಲಕರಣೆಯ ಬೆಲೆ ಲಕ್ಷ ರೂಪಾಯಿ ದಾಟುವುದು ಸಾಮಾನ್ಯ. ಬಿದಿರಿನ ಬಿಲ್ಲಿನಲ್ಲಿ ಒಳ್ಳೆಯ ಅಂಕ ಗಳಿಸಿದ ಬಡ ಮಕ್ಕಳು ಮುಂದೆ ಸಾಗದೆ ನಿಲ್ಲುವ ಅಪಾಯವಿರುವುದು ಈ ಅಂತರದಲ್ಲಿಯೇ.

ಆದರೂ ದಾಟಿದವರಿದ್ದಾರೆ. ರಾಂಚಿಯ ಬಳಿಯ ಆಟೋ ಚಾಲಕರೊಬ್ಬರ ಮಗಳು ದೀಪಿಕಾ ಕುಮಾರಿ ಬಿದಿರಿನ ಬಿಲ್ಲಿನಲ್ಲಿ ಅಭ್ಯಾಸ ಆರಂಭಿಸಿದವರು. 2005ರಲ್ಲಿ ಖರ್ಸಾವಾನ್‌ನ ತರಬೇತಿ ಕೇಂದ್ರ, 2006ರಲ್ಲಿ ಜಮ್‌ಷೆಡ್‌ಪುರದ ಟಾಟಾ ಆರ್ಚರಿ ಅಕಾಡೆಮಿ ಸೇರಿದರು. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಎರಡು ಚಿನ್ನ ಗೆದ್ದರು. ಮಹಾರಾಷ್ಟ್ರದ ಸಾತಾರಾದ ಅದಿತಿ ಸ್ವಾಮಿ ಕಬ್ಬಿನ ಗದ್ದೆಯಲ್ಲಿ ಮಾಡಿಕೊಂಡ ಮೈದಾನದಲ್ಲಿ ಕಲಿತು, 2023ರಲ್ಲಿ 17ನೆಯ ವಯಸ್ಸಿಗೇ ಕಾಂಪೌಂಡ್ ವಿಶ್ವ ಚಾಂಪಿಯನ್ ಆದರು. ಇಬ್ಬರಿಗೂ ಮೊದಲು ಒದಗಿದ್ದು ಕಲಿಯುವ ಸ್ಥಳ ಮತ್ತು ಕಲಿಸುವವರು. ದುಬಾರಿ ಬಿಲ್ಲು ಬಂದದ್ದು ಅನಂತರ.

ಶಾಲೆಯಲ್ಲಿ ಹಂಚಿಕೊಳ್ಳಬಹುದು

ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿವೆ. ಪ್ರತಿ ಮನೆಯವರೂ ಪ್ರತ್ಯೇಕವಾಗಿ ಬಿಲ್ಲು ಕೊಳ್ಳುವುದಕ್ಕಿಂತ, ಪ್ರೌಢಶಾಲೆಯೊಂದು ಹಳೆಯ ವಿದ್ಯಾರ್ಥಿಗಳ ಅಥವಾ ದಾನಿಗಳ ನೆರವಿನಿಂದ ಎರಡು ರೈಸರ್ ಮತ್ತು 16, 20, 24 ಪೌಂಡ್‌ಗಳ ತೋಳುಗಳನ್ನು ಇರಿಸಿಕೊಂಡರೆ ಹತ್ತಾರು ಮಕ್ಕಳು ಸರದಿಯಲ್ಲಿ ಕಲಿಯಬಹುದು. ಒಬ್ಬರಿಗೆ ಹಗುರವಾದ ತೋಳು ಮತ್ತೊಬ್ಬರಿಗೆ ಸರಿಹೊಂದುತ್ತದೆ. ಆರು ತಿಂಗಳ ಬಳಿಕವೂ ಆಸಕ್ತಿ ಉಳಿದಿರುವ ಮಗುವಿಗೆ ಸ್ವಂತ ಬಿಲ್ಲು ಕೊಡಿಸಿದರೆ ಹಣ ವ್ಯರ್ಥವಾಗದು. ಬೆರಳಿಗೆ ಚರ್ಮದ ಟ್ಯಾಬ್, ಮುಂಗೈಗೆ ಕಾಪು ಮತ್ತು ಬತ್ತಳಿಕೆ ಮಾತ್ರ ಪ್ರತಿ ಮಗುವಿಗೂ ಸ್ವಂತದ್ದಿರಲಿ.

ಗುರಿಗೆ ಒತ್ತಿ ಬಿಗಿದ ಹುಲ್ಲಿನ ಪಿಂಡಿ ಸಾಕು. ಆದರೆ ಸ್ಥಳದ ವಿಷಯದಲ್ಲಿ ಎಚ್ಚರ ಅಗತ್ಯ. ಕೆರೆ ಏರಿಯನ್ನು ಹಿನ್ನೆಲೆಯಾಗಿಸಿ ಗುರಿ ನಿಲ್ಲಿಸುವುದು ಸುರಕ್ಷಿತವೆಂದು ತೋರಬಹುದು; ಏರಿಯ ಮೇಲೆ ಜನ, ದನಕರು ಓಡಾಡುವುದರಿಂದ ಅದು ಅಪಾಯಕಾರಿ. ಗುರಿ ತಪ್ಪಿದ ಬಾಣ ನೂರಾರು ಅಡಿ ಆಚೆಗೆ ಹೋಗಬಲ್ಲದು. ಯಾರೂ ಸುಳಿಯದ ಎತ್ತರದ ಮಣ್ಣಿನ ದಿಬ್ಬವೇ ಬೇಕು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳ ಸಂರಕ್ಷಿತ ಪ್ರದೇಶವಿದೆ. ಪ್ರಾಣಿಪಕ್ಷಿಗಳತ್ತ ಬಾಣ ಗುರಿಯಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಶಿಕ್ಷಾರ್ಹವೆಂಬುದನ್ನು ಮಕ್ಕಳಿಗೆ ಮೊದಲ ದಿನವೇ ತಿಳಿಸಬೇಕು.

ಪಾವಗಡದಂತಹ ಬಿಸಿಲಿನ ಸೀಮೆಯಲ್ಲಿ ಬಿಲ್ಲನ್ನು ಮುಚ್ಚಿದ ಕಾರಿನಲ್ಲಿಯೋ ತಗಡಿನ ಸೂರಿನಡಿಯೋ ಇಡಬಾರದು. ಅಂಟಿಸಿದ ಪದರಗಳು ಬಿಸಿಗೆ ಬಿಡುತ್ತವೆ. ಅಭ್ಯಾಸ ಮುಗಿದ ಕೂಡಲೇ ರಿಕರ್ವ್ ಬಿಲ್ಲಿನ ಹೆದೆ ಇಳಿಸಿ ನೆರಳಿನಲ್ಲಿಡುವುದು ಕ್ರಮ.

ಒಟ್ಟಿನಲ್ಲಿ ಅಂಗಡಿಗೆ ಹೊರಡುವ ಮುನ್ನ ಒಂದು ಚೀಟಿಯಲ್ಲಿ ನಾಲ್ಕು ಸಂಗತಿಗಳನ್ನು ಬರೆದುಕೊಳ್ಳಬೇಕು: ಮಗು ಸೇರಲಿರುವ ವಿಭಾಗ, ಮುಂದಾಳು ಕಣ್ಣು, ಸೆಳೆತದ ಉದ್ದ, ನಡುಗದೆ ಹಿಡಿಯಬಲ್ಲ ಪೌಂಡ್. ಈ ನಾಲ್ಕಕ್ಕೂ ಹೊಂದುವ ಬಿಲ್ಲು ಅಂಗಡಿಯಲ್ಲಿ ಇಲ್ಲದಿದ್ದರೆ ಬರಿಗೈಯಲ್ಲಿ ಮರಳುವುದೇ ಲಾಭ. ಹಗುರ ಬಿಲ್ಲಿನಲ್ಲಿ ಆರಂಭಿಸಿದ ಮಗುವಿಗೆ ಮುಂದೆ ಭಾರದ ಬಿಲ್ಲು ಎತ್ತಲು ಕಾಲವಿದೆ. ಭುಜ ಕೆಡಿಸಿಕೊಂಡ ಮಗುವಿಗೆ ಆ ಅವಕಾಶ ಮತ್ತೆ ದೊರೆಯುವುದು ಕಷ್ಟ.